ಕ್ಲಚ್ಚಿಲ್ಲದ ಕಾರಿನ ಅದಲುಬದಲು

ಕಸ್ತೂರಮ್ಮ ಕಾರಿಗೆ ಪೂಜೆ ಮಾಡದಿದ್ದರೆ ಆ ದಿನ ಅವಳ ಗಂಡ ಬಕ್ಕೇಶಪ್ಪನ ರಕ್ತ ಅಷ್ಟು ಕುದಿಯುತ್ತಿರಲಿಲ್ಲ. ಮನೆ ಬಿಟ್ಟು ಹೋಗುವ ಕಾರನ್ನು ಹಾಗೇ ಕಳಿಸಬಾರದೆಂದು ಆಕೆ ಬೆಳಗ್ಗೆ ಗೇರಿನ ಕಡ್ಡಿಗೆ ಸೇವಂತಿಗೆ ಹಾರ ಬಿಗಿದಳು. ಬಿಗಿದ ರಭಸಕ್ಕೆ ಕಡ್ಡಿ ನ್ಯೂಟ್ರಲ್ ಬಿಟ್ಟು ಒಂದು ಮನೆ ಸರಿಯಿತು. ಕಡ್ಡಿ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಆ ಕಾರು ಸ್ಟಾರ್ಟೇ ಆಗುವುದಿಲ್ಲ. ಈ ಸಂಗತಿ ಕಾರಿಗೆ ಗೊತ್ತಿತ್ತು, ದಾವಣಗೆರೆಗೆ ಗೊತ್ತಿರಲಿಲ್ಲ.

ಅದು ತಾನೇ ಗೇರು ಬದಲಿಸಿಕೊಳ್ಳುವ ಸೀಮೆ ಕಾರು. ಊರಿಗೆ ಹೊರಟಿದ್ದ ಬಿಳಿ ಸಾಹೇಬನೊಬ್ಬನಿಂದ ಮಂಡಿಪೇಟೆಯ ಹತ್ತಿ ವ್ಯಾಪಾರಿ ಬಕ್ಕೇಶಪ್ಪ ಜಂಬಕ್ಕೆ ಕೊಂಡಿದ್ದ. ಅದರ ಗೇರಿನ ಎಣ್ಣೆ ಮುಂಬಯಿಯಿಂದಲೇ ಬರಬೇಕು. ತುಸು ಕಡಿಮೆಯಾದರೂ ಏರಿನಲ್ಲಿ ಮುನಿಸಿಕೊಂಡು ನಿಲ್ಲುತ್ತಿತ್ತು. ಬೇಸತ್ತು, ಮಗಳನ್ನು ಕೊಟ್ಟ ಹರಿಹರದ ಬೀಗರು ಶಿವಯೋಗಪ್ಪನವರ ಜೀಪಿಗೆ ಅದಲುಬದಲು ಮಾತಾಡಿದ್ದ. ಮಧ್ಯಾಹ್ನದೊಳಗೆ ಕಾರು ಮುಟ್ಟದಿದ್ದರೆ ಜೀಪು ಬೇರೆಯವರ ಪಾಲು.

ಕೀಲಿ ತಿರುಗಿಸಿದ. ಸದ್ದಿಲ್ಲ. ಮತ್ತೆ ತಿರುಗಿಸಿದ.

"ದರಿದ್ರದ್ದು!" ಎಂದು ಬಾಗಿಲಿಗೆ ಒದ್ದ. ಕಾಲು ನೊಂದು ಸಿಟ್ಟು ಇಮ್ಮಡಿಯಾಯಿತು.

ಪಕ್ಕದಂಗಡಿಯ ಭರಮಣ್ಣ ಕರೆಯದೆಯೇ ಬಂದ. "ದೂಡಿದ್ರೆ ಸ್ಟಾರ್ಟ್ ಆಗ್ತೈತ್ರಿ" ಎಂದು ಹಮಾಲರನ್ನೆಲ್ಲ ಸೇರಿಸಿದ. ಕಾರು ಸದ್ದಿಲ್ಲದೆ ಉರುಳಿ ಬೆಲ್ಲದಂಗಡಿಯ ಮುಂದೆ ಪೇರಿಸಿದ್ದ ಬೆಲ್ಲದ ಪೆಂಟೆಗಳಿಗೆ ಗುದ್ದಿತು. ಬೆಲ್ಲದವನು ಬೈದ. ಬಕ್ಕೇಶಪ್ಪ ಅವನಿಗಿಂತ ಗಟ್ಟಿಯಾಗಿ ಬೈದ.

"ಕ್ಲಚ್ ಬಿಡ್ರಿ ಯಜಮಾನ್ರೆ!" ಭರಮಣ್ಣ ಕೂಗಿದ.

"ಇದ್ರೆ ತಾನೆ ಬಿಡೋದು! ಇದಕ್ಕೆ ಕ್ಲಚ್ಚೇ ಇಲ್ಲ!"

"ಕ್ಲಚ್ ಇಲ್ದಿರೋ ಕಾರು ಯಾಕ ತಗಂಡ್ರಿ?"

ಈ ಪ್ರಶ್ನೆಯನ್ನು ಬಕ್ಕೇಶಪ್ಪ ವರ್ಷದಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಇನ್ನೊಬ್ಬ ಕೇಳಿದರೆ ಮೈ ಉರಿಯದೆ ಇರುತ್ತದೆಯೆ?

ಅಷ್ಟರಲ್ಲಿ ಹತ್ತಿ ಲಾರಿಯ ಮೌಲಾ ಸಾಬ್ ಹಗ್ಗ ಹಿಡಿದು ಬಂದ. "ಹಿಂದಿನ ಗಾಲಿ ಎತ್ತಿ ಲಾರಿಗೆ ಕಟ್ಟಾನ್ರಿ. ಇಂಜಿನ್ ತಿರುಗ್ಸೋದು ಹಿಂದಿನ ಗಾಲೀನೇ. ಅವು ನೆಲ ಬಿಟ್ರೆ ಗೇರಿಗೆ ಏನೂ ಆಗಲ್ಲ."

ಮಂಡಿಪೇಟೆಯವರೆಲ್ಲ ತಲೆಯಾಡಿಸಿದರು. ಅವರು ಕಂಡ ಲಾರಿ, ಬಸ್ಸು, ಕಾರುಗಳೆಲ್ಲ ಹಾಗೆಯೇ ಓಡುತ್ತಿದ್ದವು.

ಕಾರು ಹಿಂದುಮುಂದಾಗಿ ಹರಿಹರ ಸೇರಿತು. ಬೀಗರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ಕಾರ್ಖಾನೆಯ ಇಂಜಿನಿಯರೊಬ್ಬರು ಎದ್ದು ಬಂದು, ಹಾರ ತೆಗೆದು, ಕಡ್ಡಿ ಸರಿಸಿ, ಕೀಲಿ ತಿರುಗಿಸಿದರು. ಇಂಜಿನ್ ಒಂದೇ ಸಲಕ್ಕೆ ಗುರುಗುಟ್ಟಿತು.

"ಇಷ್ಟಕ್ಕೆ ಲಾರಿ ಯಾಕ್ರಿ ಬೀಗ್ರೆ?" ಶಿವಯೋಗಪ್ಪ ಹೊಟ್ಟೆ ಹಿಡಿದು ನಕ್ಕರು. ಬಕ್ಕೇಶಪ್ಪನಿಗೆ ಕಾರಿನ ಮೇಲೂ ಬೀಗರ ಮೇಲೂ ಕೆಂಡದಂಥ ಸಿಟ್ಟು. ತಾಂಬೂಲ ತೆಗೆದುಕೊಂಡವನೇ ಜೀಪು ಹತ್ತಿ, ಎಡಗಾಲಿನಿಂದ ಕ್ಲಚ್ ಒತ್ತಿ, ತಿರುಗಿಯೂ ನೋಡದೆ ಹೊರಟ.

ಸಂಜೆ ಅವನ ಮನೆ ಮುಂದೆ ಮೌಲಾ ಸಾಬನ ಲಾರಿ ನಿಂತಿತು. ಬೆನ್ನಿಗೆ ಅದೇ ಕಾರು. ಈ ಸಲ ಮುಂದಿನ ಗಾಲಿ ಎತ್ತಿ ಕಟ್ಟಿದ್ದರು. ಲಾರಿಯಿಂದ ಮಗಳು ಉಮಾಮಹೇಶ್ವರಿ ಟ್ರಂಕು ಸಮೇತ ಇಳಿದಳು.

"ಇಂಜಿನ್ ಒದರ್ತೈತೆ, ಕಾರು ಮಾತ್ರ ಕದಲವಲ್ದು ಅಪ್ಪಾಜಿ. ಇದನ್ನ ಓಡ್ಸೋದು ಮುಂದಿನ ಗಾಲಿಯಂತೆ. ಅವನ್ನ ನೆಲಕ್ಕೆ ಬಿಟ್ಟು ಎಳಕಂಡು ಬಂದಿದ್ದಕ್ಕೆ ಗೇರಿನ ಪೆಟ್ಟಿಗೆ ಸುಟ್ಟೋಗೈತಂತೆ. ಮಾವನೋರು ಸದ್ಯಕ್ಕೆ ಜೀಪು ವಾಪಸ್ ಕಳಿಸ್ರಿ ಅಂದಾರೆ."

"ಒಯ್ಲಿ, ಒಯ್ದು ಸಾಯ್ಲಿ! ನೀನ್ಯಾಕೆ ಟ್ರಂಕು ತಗಂಡು ಬಂದಿ?"

ಉಮಾಮಹೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಗೇರಿನ ಸಾಮಾನು ಸೀಮೆಯಿಂದ ಹಡಗಿನಾಗೆ ಬರ್ಬೇಕಂತೆ. ಕಾರು ರಿಪೇರಿ ಆದ ದಿನ ಅದ್ರಾಗೇ ಕುಂತ್ಕಂಡು ಬಾ ಅಂದ್ರು."