ಟವೆಲ್ ಹೋಯಿತು, ನಾನು ಉಳಿದೆ

ಬಸ್ಸಿನಲ್ಲಿ ಸೀಟು ಹಿಡಿಯುವ ವಿದ್ಯೆಯಲ್ಲಿ ಕಡೂರು ತಾಲ್ಲೂಕಿಗೇ ನನ್ನ ಸಮಾನರಿಲ್ಲ. ಇದು ಜಂಬವಲ್ಲ, ಕಂಡವರಿದ್ದಾರೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವನು ನಾನು. ಅಂದಿನಿಂದ ಹಿರೇನಲ್ಲೂರಿನಲ್ಲಿ ತೆಂಗಿನಕಾಯಿ ಸುಲಿದು, ಸಂತೆಸಂತೆಗೆ ಹೊತ್ತು ಮಾರಿ ನನ್ನ ಕಾಲ ಮೇಲೆ ನಿಂತವನು. ಅಷ್ಟು ಸಂತೆ ತಿರುಗಿದವನಿಗೆ ಟವೆಲ್ ಎಸೆಯಲು ಬಾರದಿದ್ದರೆ ಹೇಗೆ? ಬಸ್ಸು ನಿಲ್ಲುವ ಮೊದಲೇ ನನ್ನ ಟವೆಲ್ ಕಿಟಕಿಯಿಂದ ಒಳಗೆ ಹೋಗಿ ಸೀಟಿನ ಮೇಲೆ ಮಲಗಿರುತ್ತಿತ್ತು. ಆಮೇಲೆ ನಾನು ನಿಧಾನವಾಗಿ ಟೀ ಕುಡಿದು, ಬೀಡಿ ಸೇದಿ ಹತ್ತುತ್ತಿದ್ದೆ. ನಮ್ಮ ಕಡೆ ಟವೆಲ್ ಹಾಕಿದ ಸೀಟೆಂದರೆ ಖಾತೆಯಾದ ಜಮೀನಿದ್ದಂತೆ. ಅಮಲ್ದಾರರೇ ಬಂದರೂ ನಿಂತುಕೊಂಡೇ ಹೋಗಬೇಕು!

ಈ ವಿದ್ಯೆಯನ್ನು ನಂಬಿ ನಾನು ಬೊಂಬಾಯಿಗೆ ಹೋದೆ.

ಜೊತೆಗೆ ಇಬ್ಬರು ಗೆಳೆಯರು. ತರೀಕೆರೆಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ರುದ್ರ, ಅಜ್ಜಂಪುರದ ಮಂಡಿಯಲ್ಲಿ ಗುಮಾಸ್ತನಾಗಿದ್ದ ಓಂಕಾರಿ. ಹೆಗಲಿಗೊಂದು ಚೀಲ ಹಾಕಿಕೊಂಡು, ಛತ್ರದಲ್ಲಿ ಮಲಗಿ, ಊರು ಸುತ್ತಿ, ಕೊನೆಯ ದಿನ ಸಮುದ್ರ ನೋಡಿಕೊಂಡು ಬರುವುದೆಂದು ತೀರ್ಮಾನವಾಗಿತ್ತು. ಮೂವರೂ ಸಮುದ್ರ ಕಂಡವರಲ್ಲ. ನನಗಂತೂ ಅದೊಂದು ಹುಚ್ಚು. ಅಯ್ಯನಕೆರೆ ತುಂಬಿದಾಗಲೇ ಊಟ ಮರೆತು ನೋಡುತ್ತಾ ನಿಲ್ಲುವವನು ನಾನು!

"ಲೇ ಮಲ್ಲೇಶ, ಸಮುದ್ರಕ್ಕೆ ಹೆಂಗೆ ಹೋಗೋದು ಅಂತ ಯಾರ್ನಾದ್ರೂ ಕೇಳೋಣ ಕಣೋ," ಅಂದ ಓಂಕಾರಿ ಕೊನೆಯ ದಿನದ ಬೆಳಿಗ್ಗೆ.

"ಕೇಳೋದೇನು ಬಂತು? ಬೊಂಬಾಯಿ ಅಂದ್ರೆ ದೊಡ್ಡ ಕಡೂರು, ಅಷ್ಟೇ. ನನ್ನ ಹಿಂದೆ ಬನ್ರೋ!"

ಲೋಕಲ್ ರೈಲು ಹಿಡಿಯಲು ಒಂದು ನಿಲ್ದಾಣಕ್ಕೆ ಬಂದೆವು. ಸಂಜೆ ಊರ ಕಡೆಯ ರೈಲು ಹತ್ತಬೇಕಾದದ್ದೂ ಅಲ್ಲಿಂದಲೇ. ಪ್ಲಾಟ್‌ಫಾರಂ ತುಂಬ ಜನವೋ ಜನ. ನನಗೆ ಹುರುಪು ಬಂತು. ಎಸೆಯುವ ಕೈ ಖಾಲಿ ಇರಲೆಂದು ಚೀಲವನ್ನು ರುದ್ರನ ಹೆಗಲಿಗೆ ಹಾಕಿದೆ. ಟಿಕೆಟ್ಟುಗಳು ಮೊದಲೇ ಓಂಕಾರಿಯ ಹತ್ತಿರ ಇದ್ದವು.

ರೈಲು ಬಂತು. ಎಸೆದೆ. ಎಂಥಾ ಎಸೆತ ಅಂತೀರಿ! ಕಿಟಕಿಯ ಕಂಬಿಗಳ ನಡುವೆ ತೂರಿ ಟವೆಲ್ ಒಬ್ಬ ಯಜಮಾನರ ಬೋಳುತಲೆಯ ಮೇಲೆ ಇಳಿಯಿತು. ಸೀಟು ನಮ್ಮದಾಯಿತು ಅಂದುಕೊಂಡು, ಪದ್ಧತಿಯ ಪ್ರಕಾರ, ನಾನು ಸೀಬೆಹಣ್ಣಿನ ಬುಟ್ಟಿಯ ಕಡೆ ತಿರುಗಿದೆ. ಚೆನ್ನಾಗಿ ಕಳಿತದ್ದೊಂದನ್ನು ಆರಿಸಿ ಈ ಕಡೆ ನೋಡುತ್ತೇನೆ.

ರೈಲೇ ಇಲ್ಲ!

ದೂರದಲ್ಲಿ ಒಂದು ಬಾಗಿಲಿಂದ ರುದ್ರನ ಕೈ ಮಾತ್ರ ಆಡುತ್ತಿತ್ತು. "ಮಲ್ಲೇಶಾ..." ಅನ್ನುವುದು ಕೇಳಿಸಿತು, ಆಮೇಲೆ ಅದೂ ಇಲ್ಲ. ಜನ ಅವರಿಬ್ಬರನ್ನೂ ಒಳಗೆ ನೂಕಿಬಿಟ್ಟಿದ್ದರು. ನನ್ನ ಬಳಿ ಉಳಿದದ್ದು ಒಂದು ಸೀಬೆಹಣ್ಣು.

ನಾನೇನೂ ಹೆದರಲಿಲ್ಲ. ಕಳೆದುಹೋದವರು ಅವರು, ನಾನಲ್ಲ. ಪಾಪ, ಬೊಂಬಾಯಿ ತಿಳಿಯದ ಹೈದರು, ಅಳುತ್ತಾ ಮುಂದಿನ ರೈಲಿಗೆ ವಾಪಸ್ ಬರುತ್ತಾರೆ ಅಂತ ಒಂದು ಕಂಬಕ್ಕೆ ಒರಗಿ ನಿಂತೆ. ಮುಂದಿನ ರೈಲು ಬಂತು. ಅವರಿರಲಿಲ್ಲ. ಅದರ ಮುಂದಿನದು ಬಂತು. ಆಮೇಲೆ ರೈಲುಗಳು ಬರುತ್ತಲೇ ಇದ್ದವು.

ಕಡೂರು ಸಂತೆಯಲ್ಲಾದರೆ "ಏನಪ್ಪಾ ಮಲ್ಲೇಶಣ್ಣ, ಕಾಯಿ ಹೆಂಗೆ?" ಅಂತ ಕೇಳದೆ ಯಾರೂ ನನ್ನನ್ನು ದಾಟಿ ಹೋಗುವುದಿಲ್ಲ. ಇಲ್ಲಿ ಊರಿಗೆ ಊರೇ ನನ್ನ ಹೆಗಲಿಗೆ ಹೆಗಲು ತಾಗಿಸಿಕೊಂಡು ಹೋಗುತ್ತಿತ್ತು. ಒಬ್ಬನೂ ಮುಖ ನೋಡಲಿಲ್ಲ. ಕೊನೆಗೆ ಒಬ್ಬ ಮುದುಕ ಕೂಲಿ ಬಂದು ಕಂಬದ ಆಚೆ ಬದಿಗೆ ಕೂತ. ಬಾಯಿ ತಡೆಯಲಾರದೆ ಅವನಿಗೆ ಕನ್ನಡದಲ್ಲೇ ಎಲ್ಲಾ ಹೇಳಿಕೊಂಡೆ. ಅವನೂ ಮರಾಠಿಯಲ್ಲಿ ಏನೇನೋ ಹೇಳಿಕೊಂಡ. ಅವನ ಮಗಳ ವಿಷಯವಿರಬೇಕು, ಕಣ್ಣೊರೆಸಿಕೊಂಡ. ನಾನೂ ಒರೆಸಿಕೊಂಡೆ. ಅಷ್ಟರಲ್ಲಿ ಯಾರೋ ಕರೆದರು, ಎದ್ದು ಹೋದ. ಮಾತೊಂದೂ ಅರ್ಥವಾಗಿರಲಿಲ್ಲ. ಎದ್ದು ಹೋದದ್ದು ಮಾತ್ರ ಚೆನ್ನಾಗಿ ಅರ್ಥವಾಯಿತು.

ಹೊತ್ತು ಇಳಿಯುವಾಗ ಅವರಿಬ್ಬರೂ ಬಂದರು. ಅಳುತ್ತಾ ಅಲ್ಲ! ಪ್ಯಾಂಟು ಮೊಣಕಾಲವರೆಗೆ ಮಡಚಿತ್ತು, ಕಾಲೆಲ್ಲ ಮರಳು, ಬಾಯಲ್ಲಿ ಕಡಲೆಕಾಯಿ.

"ಏನಪ್ಪಾ ಯಜಮಾನ, ಆಗ್ಲೇ ಬಂದ್ಬಿಟ್ಟಿದೀಯಾ!" ಅಂದ ರುದ್ರ.

"ನನ್ನ ಹುಡುಕ್ಲಿಲ್ವೇನ್ರೋ?" ಅಂದೆ. ಕೆಮ್ಮಿ ದನಿ ಸರಿಮಾಡಿಕೊಂಡೆ.

"ಮುಂದಿನ ಸ್ಟೇಷನ್ನಲ್ಲಿ ಇಳಿದ್ವಿ ಕಣೋ, ವಾಪಸ್ ಬರೋಣ ಅಂತ. ಓಂಕಾರಿನೇ ಅಂದ, ಅವ್ನು ಮಲ್ಲೇಶ, ಅವನ್ನ ಹುಡ್ಕಕ್ಕೆ ಹೋದ್ರೆ ಬೈತಾನೆ ಅಂತ."

"ನೀನೂ ಸಮುದ್ರ ನೋಡ್ದೆ ತಾನೇ?" ಅಂದ ಓಂಕಾರಿ.

ಬೆಳಗಿನಿಂದ ಈ ಕಂಬ ಬಿಟ್ಟು ಅಲ್ಲಾಡಿಲ್ಲ ಕಣ್ರೋ ಅನ್ನಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ನೋಡ್ದೇ ಇರ್ತೀನಾ?"

"ಎಲ್ಲಿದ್ಯೋ ಮತ್ತೆ? ನಾವು ದಡದಲ್ಲೇ ಕೂತಿದ್ವಲ್ಲ, ಕಾಣ್ಲೇ ಇಲ್ಲ!"

"ನೀವು ಈ ಕಡೆ ದಡದಲ್ಲಿದ್ರಿ," ಅಂದೆ ಗಂಭೀರವಾಗಿ. "ನಾನು ಆ ಕಡೆ ದಡದಲ್ಲಿದ್ದೆ."

ಓಂಕಾರಿಯ ಬಾಯಿಂದ ಕಡಲೆಕಾಯಿ ಉದುರಿತು. "ಲೇ, ಆ ಕಡೆ ದಡ ಅಂದ್ರೆ ಅರಬ್ ದೇಶ ಕಣೋ!"

ಊರ ಕಡೆಯ ರೈಲಿನಲ್ಲಿ ಬೀರೂರು ಬರುವವರೆಗೂ ಇಬ್ಬರೂ ನಕ್ಕರು. ನಾನೂ ನಕ್ಕೆ. ಒಬ್ಬನೇ ನಿಲ್ಲುವುದಕ್ಕಿಂತ ಅದು ಎಷ್ಟೋ ವಾಸಿಯಾಗಿತ್ತು.

ಆಮೇಲಿನ ವರ್ಷಗಳಲ್ಲಿ ಅವರು ಹೆಂಡತಿ ಮಕ್ಕಳನ್ನೆಲ್ಲ ಕಟ್ಟಿಕೊಂಡು ಉಡುಪಿ, ಮಂಗಳೂರು ಅಂತ ಸಮುದ್ರಕ್ಕೆ ಎಷ್ಟೋ ಸಲ ಹೋಗಿಬಂದರು. ನನ್ನನ್ನು ಒಮ್ಮೆಯೂ ಕರೆಯಲಿಲ್ಲ. ಎರಡೂ ದಡ ನೋಡಿಬಂದವನನ್ನು ಯಾರು ತಾನೇ ಕರೆಯುತ್ತಾರೆ!