ಮೇಷ್ಟ್ರ ಹೊಟ್ಟೆ, ರಂಗಕ್ಕನ ಚೊಂಬು

ಮಧುಗಿರಿಯ ಡ್ರಿಲ್ ಮೇಷ್ಟ್ರು ಚನ್ನಮಲ್ಲಯ್ಯನವರಿಗೆ ತಮ್ಮ ಹೊಟ್ಟೆಯ ಮೇಲೆ ಹತೋಟಿ ಇರಲಿಲ್ಲ; ಆದರೂ ಬೇರೆಯವರ ಹೊಟ್ಟೆ ಗಟ್ಟಿ ಮಾಡುವ ಹುಚ್ಚು ಹತ್ತಿತ್ತು. ಟೆನಿಸ್‌ನಲ್ಲಿ ಬಲ ಬರುವುದು ತೋಳಿನಿಂದಲ್ಲ, ಹೊಟ್ಟೆ ಮತ್ತು ನಡುವಿನಿಂದ ಎಂದು ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದೇ ಇದಕ್ಕೆ ಕಾರಣ. ೧೯೮೩ರ ಬೇಸಿಗೆಯ ಆ ಬೆಳಿಗ್ಗೆ ತುಮಕೂರಿನಿಂದ ಕ್ರೀಡಾಧಿಕಾರಿ ಗಂಗಯ್ಯನವರು ಬರುವವರಿದ್ದರು. ಅವರು ಮೆಚ್ಚಿದರೆ ಬೇಸಿಗೆಯ ಟೆನಿಸ್ ಶಿಬಿರಕ್ಕೆ ಮೇಷ್ಟ್ರೇ ತರಬೇತುದಾರರು. ಆ ಪದವಿಗಾಗಿ ಅವರು ಮೂರು ವರ್ಷದಿಂದ ಬಾಯಿ ಬಿಟ್ಟುಕೊಂಡು ಕಾದಿದ್ದರು.

ಕ್ಲಬ್ಬಿನ ಮಣ್ಣಿನ ಕೋರ್ಟಿನಲ್ಲಿ ಇಬ್ಬರು ಶಿಷ್ಯೆಯರು ಮೊಣಕೈ ಮತ್ತು ಕಾಲ್ಬೆರಳ ಮೇಲೆ ಬೋರಲಾಗಿ, ಹಲಗೆಯಂತೆ ಮೈ ಸೆಟೆಸಿಕೊಂಡು ಗಡಗಡ ನಡುಗುತ್ತಿದ್ದರು. ಕೋರ್ಟಿಗೆ ನೀರು ಹಾಕಲು ಬಂದ ರಂಗಕ್ಕ ಎರಡು ಬಿಂದಿಗೆ ಇಳಿಸಿ ಮೂಗಿನ ಮೇಲೆ ಬೆರಳಿಟ್ಟಳು.

"ಅಯ್ಯೋ ಜುಂಜಪ್ಪ! ಹೆಣ್ಮಕ್ಳು ಯಾಕಿಂಗೆ ನಡುಗ್ತಾವೆ ಮೇಷ್ಟ್ರೇ? ಹೊಕ್ಕಳ ಬಟ್ಟಿ ಜಾರಿರ್ಬೇಕು."

"ಬಟ್ಟಿಯೂ ಇಲ್ಲ, ಗಿಟ್ಟಿಯೂ ಇಲ್ಲ. ಇದು ವ್ಯಾಯಾಮ ಕಣಮ್ಮ. ನೋಡು, ನಾನೇ ಮಾಡ್ತೀನಿ."

ಮೇಷ್ಟ್ರು ಬೋರಲಾದರು. ಎಂಟು ಎಣಿಸುವಷ್ಟರಲ್ಲಿ ನಡು ಹಿಡಿದುಕೊಂಡಿತು. ಏಳಲೂ ಆಗದೆ, ಹೊರಳಲೂ ಆಗದೆ ಹಲ್ಲಿಯಂತೆ ನೆಲ ಕಚ್ಚಿಕೊಂಡರು.

"ನಾ ಯೋಳ್ಲಿಲ್ವಾ? ಬಟ್ಟಿನೇ ಇದು!"

ರಂಗಕ್ಕ ಅವರನ್ನು ಅಂಗಾತ ಉರುಳಿಸಿದಳು. ಕ್ಲಬ್ಬಿನ ಅಡುಗೆಮನೆಯಿಂದ ಹಣತೆ, ಚೊಂಬು ತರಿಸಿ, ಜಾರಿದ ಬಟ್ಟಿಯನ್ನು ಸ್ವಸ್ಥಾನಕ್ಕೆ ಎಳೆಯಲು ಹೊಕ್ಕುಳ ಮೇಲೆ ದೀಪ ಹಚ್ಚಿಟ್ಟು ಚೊಂಬು ಕವುಚಿದಳು. ದೀಪ ಆರಿತು. ಚೊಂಬು ಹೊಟ್ಟೆಯನ್ನು ಗಬಕ್ಕನೆ ಕಚ್ಚಿಕೊಂಡಿತು.

"ಅಲ್ಲಾಡ್ಬ್ಯಾಡಿ. ಅದಾಗೇ ಬುಡೋಗಂಟ ಕೀಳಂಗಿಲ್ಲ."

ಆಮೇಲೆ ಹುಡುಗಿಯರತ್ತ ತಿರುಗಿ, "ಸಾಹೇಬ್ರು ಬರೋದ್ರೊಳ್ಗೆ ನೀವಾದ್ರೂ ನೀರು ಹಾಕ್ರಮ್ಮ. ನಡ ನೆಟ್ಟಗಿರ್ಲಿ! ದಾರಿಯಾಗೆ ಒಂದು ತೊಟ್ಟು ಚೆಲ್ಲಿದ್ರೆ ನೋಡ್ರಿ" ಎಂದು ತುಂಬಿದ ಬಿಂದಿಗೆಗಳನ್ನು ಅವರ ತಲೆಗೇರಿಸಿದಳು. ಹತ್ತು ಸುತ್ತು ನೀರು ಹೊರುವ ಹೊತ್ತಿಗೆ ಹುಡುಗಿಯರು ಬಿಂದಿಗೆಯನ್ನು ಕೈಯಲ್ಲಿ ಹಿಡಿಯದೆಯೇ ನೆಟ್ಟಗೆ ನಡೆಯತೊಡಗಿದರು.

ಆಗಲೇ ಜೀಪು ಬಂತು. ಗಂಗಯ್ಯನವರು ಇಳಿದವರೇ ಬೆರಗಾಗಿ ನಿಂತರು.

"ಭೇಷ್! ನಡುವಿನ ಹತೋಟಿ ಅಂದ್ರೆ ಇದು! ಯಾರಮ್ಮ ಕಲಿಸಿದ್ದು?"

"ನಾನೇ ಸಾಮಿ."

"ಮತ್ತೆ ಇವರ್ಯಾರು?"

ಮೇಷ್ಟ್ರು ಹೇಳಲು ಉಸಿರೆಳೆದರು. ಚೊಂಬು ಇನ್ನಷ್ಟು ಬಿಗಿದುಕೊಂಡಿತು.

"ಬಟ್ಟಿ ಜಾರಿರೋರು ಸಾಮಿ. ಪಾಪ, ಒಳ್ಳೇವ್ರು."

ಜೀಪಿನ ಬಾನೆಟ್ ಮೇಲೆಯೇ ಶಿಬಿರದ ತರಬೇತುದಾರರ ಆದೇಶ ರಂಗಕ್ಕನ ಹೆಸರಿಗೆ ತಯಾರಾಯಿತು. ಅವಳು ಹೆಬ್ಬೆಟ್ಟು ಒತ್ತಿದಳು. ಮಲಗಿದ್ದಲ್ಲೇ ಮೇಷ್ಟ್ರ ಕಣ್ಣು ತುಂಬಿ ಬಂತು. ಜೀಪು ಹೋದ ಮೇಲೆ ಚೊಂಬು ತಾನಾಗಿಯೇ ಕಳಚಿ ಉರುಳಿತು.

ರಂಗಕ್ಕ ಹತ್ತಿರ ಬಂದು ದನಿ ತಗ್ಗಿಸಿದಳು.

"ಮೇಷ್ಟ್ರೇ, ಇಷ್ಟು ವರ್ಸ ನೀರು ಹಾಕಿದ್ರೂ ಕೇಳ್ಲೇ ಇಲ್ಲ. ಮಧ್ಯದಾಗೆ ಈ ಬಲೆ ಯಾಕೆ ಕಟ್ಟವ್ರೆ? ಕುರಿ ದಾಟ್ದಿರ್ಲಿ ಅಂತಾನಾ?"