ನನ್ನ ಮೌಶಿಯ ಬ್ರೌಸರ್ ಸುಳ್ಳುಗಳು

ನನ್ನ ಮೌಶಿ, ಎಂದರೆ ಅವ್ವನ ತಂಗಿ, ಮನುಷ್ಯರಿಗೆ ಸುಳ್ಳು ಹೇಳಿದ್ದನ್ನು ಹಳಿಯಾಳದಲ್ಲಿ ಯಾರೂ ಕಂಡಿಲ್ಲ. ಸೀರೆ ಚೆನ್ನಾಗಿದೆಯಾ ಎಂದು ಕೇಳಿದವರಿಗೆ ಮುಖದ ಮೇಲೆ "ಇಲ್ಲ" ಎಂದು ಹೇಳಿ ಅರ್ಧ ಓಣಿಯ ಸ್ನೇಹ ಕಳೆದುಕೊಂಡವಳು. ಆದರೆ ವೆಬ್‌ಸೈಟುಗಳಿಗೆ? ದಿನಕ್ಕೆ ಇಪ್ಪತ್ತು ಸುಳ್ಳು!

ಬ್ರೌಸರ್ ಯಾವ ವೆಬ್‌ಸೈಟಿನ ಬಾಗಿಲು ತಟ್ಟಿದರೂ ಮೊದಲು ತಾನು ಯಾರೆಂದು ಹೇಳಿಕೊಳ್ಳುತ್ತದಂತೆ. ಆ ಪರಿಚಯಕ್ಕೆ 'ಯೂಸರ್ ಏಜೆಂಟ್' ಎಂದು ಹೆಸರು. ಅದನ್ನು ಬದಲಿಸಿಬಿಟ್ಟರೆ ಮೇಜಿನ ಮೇಲೆ ಕೂತ ದಪ್ಪ ಕಂಪ್ಯೂಟರ್ "ನಾನು ಮೊಬೈಲು" ಎಂದು ಹೇಳಬಹುದು. ವೆಬ್‌ಸೈಟು, ಪಾಪ, ನಂಬಿಬಿಡುತ್ತದೆ. 'ಬಾಯಾರು', ಎಂದರೆ ಟೀಚರು, ಎನಿಸಿಕೊಂಡು ನಡೆಸುತ್ತಿದ್ದ ಟೈಪಿಂಗ್ ಕ್ಲಾಸು ಮುಚ್ಚಿ, ಐವತ್ತರ ಹೊಸ್ತಿಲಲ್ಲಿ ವೆಬ್‌ಪುಟ ಮಾಡಲು ಕಲಿತ ಮೌಶಿಗೆ ಈ ವಿದ್ಯೆ ಕೈಗೆ ಹತ್ತಿತು. ನಮ್ಮ ದುರ್ದೆಸೆ ಅಲ್ಲಿಂದಲೇ ಶುರು!

"ಎಲ್ಲಾರ ಹತ್ರಾನೂ ಒಂದ ನಮೂನಿ ಮಷಿನ್ ಇರ್ತಾವೇನ? ಬಡವರ ಹಳೇ ಡಬ್ಬಿದಾಗ ಹೆಂಗ ಕಾಣ್ತೈತಿ ಅಂತ ಯಾರರ ನೋಡಬೇಕಲ್ಲ?" ಎನ್ನುತ್ತಿದ್ದಳು. ಮಾತು ಸರಿಯೇ. ಆದರೆ ಆ 'ಯಾರರ' ನಮ್ಮ ಮನೆಯವಳೇ ಆಗಬೇಕಿತ್ತೆ?

ದಾಂಡೇಲಿಯ ಲಾರಿ ಮೆಕ್ಯಾನಿಕ್ ಒಬ್ಬರು ತಮ್ಮ ಗ್ಯಾರೇಜಿಗೆ ಅವಳಿಂದ ವೆಬ್‌ಸೈಟು ಮಾಡಿಸಿದರು. ಪುಟ ಒಂದು ವಾರಕ್ಕೆ ಮುಗಿಯಿತು, ಟೆಸ್ಟು ಮೂರು ತಿಂಗಳು ನಡೆಯಿತು. ಕಡೆಗೂ ಅವರನ್ನು ಕರೆಸಿ, ಬ್ರೌಸರಿಗೆ ಮೊಬೈಲ್ ವೇಷ ಹಾಕಿ ತೋರಿಸಿದರೆ, ಗ್ಯಾರೇಜಿನ ಹೆಸರು, ಫೋಟೋ, ವಿಳಾಸ ಎಲ್ಲ ಮಾಯ! ಮಾದರಿಗೆಂದು ಬರೆದಿದ್ದ ಒಂದು ಫ್ಯಾಕ್ಸ್ ನಂಬರು ಮಾತ್ರ ಉಳಿದಿತ್ತು. ಮೆಕ್ಯಾನಿಕ್ ಬಹಳ ಹೊತ್ತು ನೋಡಿ ಮೆಲ್ಲಗೆ ಹೇಳಿದರು: "ಎಲ್ಲಾ ಛಲೋ ಐತಿ ಬಾಯಾರ. ಆದ್ರ ನನ್ನ ಹತ್ರ ಫ್ಯಾಕ್ಸ್ ಇಲ್ರಿ!"

ಇಲಾಖಾ ಪರೀಕ್ಷೆ ಬರೆದಿದ್ದ ಪಕ್ಕದ ಮನೆಯ ಗುಮಾಸ್ತರ ಪಾಡು ಇನ್ನೂ ಕಷ್ಟದ್ದು. ಫಲಿತಾಂಶ ನೋಡಲು ಬಂದರು. ಫೇಲ್. ಮೌಶಿ ಸುಮ್ಮನಿದ್ದಳೆ? "ತಡೀರಿ, ಬ್ಯಾರೆ ಬ್ರೌಸರ್ ಅಂತ ಹೇಳಿ ನೋಡೂಣು" ಎಂದು ಒಂದಾದ ಮೇಲೊಂದು ಆರು ವೇಷ ಹಾಕಿದಳು. ಆರರಲ್ಲೂ ಫೇಲ್! "ಒಮ್ಮೆ ಫೇಲಾದ್ರ ಸಾಕಾಗಿತ್ತಲ್ರೀ" ಎಂದು ಅವರು ಎದ್ದು ಹೋದರೆ, ಇವಳು ಹಿಗ್ಗಿನಿಂದ ನನ್ನತ್ತ ತಿರುಗಿದಳು: "ನೋಡಿದ್ಯಾ? ಇದು ಛಲೋ ಸೈಟ್. ಎಲ್ಲಾದ್ರಾಗೂ ಒಂದ ನಮೂನಿ ಕಾಣ್ತೈತಿ!"

ಇಷ್ಟೆಲ್ಲ ಕಂಡ ಮೇಲೂ ನಾನು ನರ್ಸ್ ಕೆಲಸದ ಅರ್ಜಿ ತುಂಬಲು ಅವಳ ಬಳಿಗೇ ಹೋದೆನಲ್ಲ, ನನಗಿಂತ ಮೂರ್ಖಳು ಇರಲು ಸಾಧ್ಯವೆ? ಮೂರು ವರ್ಷದಿಂದ ಕಾದಿದ್ದ ಕೆಲಸ. ಅರ್ಜಿಗೆ ಇನ್ನು ಮೂರೇ ದಿನ. ದಾಂಡೇಲಿಯಿಂದ ಬಸ್ಸು ಹಿಡಿದು, ಫೋಟೋ, ಅಂಕಪಟ್ಟಿ ಹಿಡಿದುಕೊಂಡು ಅವಳ ಮುಂದೆ ಕೂತೆ.

"ಮೊದಲ ಟೆಸ್ಟ್ ಮಾಡೂಣು" ಎಂದಳು.

"ಮೌಶಿ, ನಿನ್ನ ಕಾಲ ಬೀಳ್ತೇನಿ. ಸುಮ್ನ ತುಂಬು."

"ನಡುವ ಕೈ ಕೊಟ್ರ ಏನ್ ಮಾಡ್ತಿ?"

ಎರಡು ದಿನ ಟೆಸ್ಟಿಗೆ ಹೋಯಿತು. ಮೂರನೆಯ ದಿನ ಬೆಳಗಿನಿಂದ ಕರೆಂಟಿಲ್ಲ. ವಿದ್ಯುತ್ ತಯಾರಾಗುವ ಅಂಬಿಕಾನಗರ ನಮ್ಮ ಹತ್ತಿರದಲ್ಲೇ ಇದೆ. ನಮಗೆ ಮಾತ್ರ ಮೇಣದಬತ್ತಿ! ನಾಲ್ಕು ಗಂಟೆಗೆ ಕರೆಂಟು ಬಂತು. ಗಡಿಬಿಡಿಯಲ್ಲಿ ತುಂಬಿದೆವು. 'ಧನ್ಯವಾದಗಳು' ಎಂದು ಪರದೆಯ ಮೇಲೆ ಮೂಡಿದಾಗ ಇಬ್ಬರೂ ಕೈ ಹಿಡಿದು ಕುಣಿದೆವು.

ತಿಂಗಳ ನಂತರ ತಿರಸ್ಕೃತರ ಪಟ್ಟಿ ಬಂತು. ನನ್ನ ಹೆಸರಿನ ಮುಂದೆ 'ಭಾವಚಿತ್ರ ಇಲ್ಲ' ಎಂದಿತ್ತು. ಮೌಶಿ ಬ್ರೌಸರಿಗೆ ಹಾಕಿದ್ದ ಮೊಬೈಲ್ ವೇಷವನ್ನು ಕಳಚಲು ಮರೆತಿದ್ದಳು. ಬಂದದ್ದು ಮೊಬೈಲೆಂದು ನಂಬಿ ಸೈಟು ಚಿಕ್ಕ ಅರ್ಜಿ ಕೊಟ್ಟಿತ್ತು. ಅದರಲ್ಲಿ ಫೋಟೋ ಹಾಕುವ ಜಾಗವೇ ಇರಲಿಲ್ಲ!

"ನನ್ನ ಜೀವನಾನ ಟೆಸ್ಟ್ ಮಾಡಿದ್ಯಲ್ಲ" ಎಂದು ಕೂಗಾಡಿ ಬಂದೆ. ಅವಳಿಂದ ಒಂದು ಕ್ಷಮೆಯ ಮಾತೂ ಇಲ್ಲ. ನಾನು ಮಾತು ಬಿಟ್ಟೆ. ಮನೆಯ ಮದುವೆ ಮುಂಜಿಗಳಲ್ಲಿ ನನ್ನ ಎಲೆಗೆ ಬಡಿಸಿ, ತಲೆ ತಗ್ಗಿಸಿ ಮುಂದೆ ಹೋಗುತ್ತಿದ್ದಳು. ನಾನು ಎಲೆಯನ್ನೇ ನೋಡುತ್ತಿದ್ದೆ. ಹೀಗೆ ಒಂದೂವರೆ ವರ್ಷ.

ಮತ್ತೆ ಅರ್ಜಿ ಕರೆದಾಗ ದಾಂಡೇಲಿಯ ಅಂಗಡಿಯೊಂದರಲ್ಲಿ ಹತ್ತು ನಿಮಿಷದಲ್ಲಿ ತುಂಬಿದೆ. ಆಯ್ಕೆಯೂ ಆಯಿತು. ಆದೇಶ ಪತ್ರ ತರಲು ನೇಮಕಾತಿ ಕಚೇರಿಗೆ ಹೋದರೆ, ಮುಂಡಗೋಡ ಕಡೆಯ ಗುಮಾಸ್ತರೊಬ್ಬರು ನನ್ನ ಹೆಸರು ಓದಿ ತಲೆ ಎತ್ತಿದರು.

"ಹಳಿಯಾಳದ ಟೈಪಿಂಗ್ ಬಾಯಾರು ನಿಮಗ ಏನಾಗಬೇಕ್ರಿ?"

ಹೇಳಿದೆ. ಅವರು ಹಳೆಯ ಫೈಲು ತೆಗೆದು ನನ್ನ ಮುಂದಿಟ್ಟರು. ಅದರಲ್ಲಿ ಏಳು ಪತ್ರಗಳಿದ್ದವು. ಏಳನ್ನೂ ಒಂದಕ್ಷರ ತಪ್ಪದೆ ಟೈಪು ಮಾಡಲಾಗಿತ್ತು. 'ಅರ್ಜಿದಾರಳು ಫೋಟೋ ತಂದಿದ್ದಳು. ಬ್ರೌಸರಿನಿಂದ ಸುಳ್ಳು ಹೇಳಿಸಿದವಳು ನಾನು. ಶಿಕ್ಷೆ ಏನಿದ್ದರೂ ನನಗಿರಲಿ. ಅವಳ ವರ್ಷ ಉಳಿಸಿಕೊಡಿ.'

"ಎರಡ ಸಲ ಖುದ್ದ ಬಂದಿದ್ರು" ಎಂದರು ಗುಮಾಸ್ತರು. "ಸಾಹೇಬ್ರ ಖೋಲಿ ಹೊರಗ ಸಂಜಿತನಾ ನಿಂತಿದ್ರು. ಕೂಡ್ರಿ ಅಂದ್ರ, ತಪ್ಪ ಮಾಡಿದಾಕಿ, ನಿಂತ ಮಾತಾಡ್ತೇನಿ ಅಂದ್ರು. ನಾವರ ಏನ್ ಮಾಡೂದ್ರಿ, ಪಟ್ಟಿ ಆಗಿಬಿಟ್ಟಿತ್ತು."

ಮರಳುವಾಗ ದಾಂಡೇಲಿಯಲ್ಲಿ ಇಳಿಯಲಿಲ್ಲ. ಅದೇ ಬಸ್ಸಿನಲ್ಲಿ ಹಳಿಯಾಳಕ್ಕೆ ಹೋದೆ. ಬಾಗಿಲು ತೆರೆದ ಮೌಶಿ ನನ್ನನ್ನು ಕಂಡು ಬಾಗಿಲಿಗೆ ಆತುಕೊಂಡಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ಬಂದ್ಯಾ? ನಿಂದರು, ಚಹಾ ಮಾಡ್ತೇನಿ."

ನಾನು ಅವಳ ಎರಡೂ ಭುಜ ಹಿಡಿದು ಕುರ್ಚಿಯ ಮೇಲೆ ಕೂರಿಸಿದೆ.

"ನೀ ಕೂಡು ಮೌಶಿ. ನಿಂತದ್ದು ಸಾಕು."